ಟ್ಯಾಬ್ಲೆಟ್ ಆರಿಸುವುದು ಹೇಗೆ: ಪುಟದ ಅಳತೆಯಿಂದ ಶುರು ಮಾಡೋಣ

ಟ್ಯಾಬ್ಲೆಟ್ ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಬೆಲೆ ನೋಡುತ್ತಾರೆ, ಆಮೇಲೆ ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ವಿಚಾರಿಸುತ್ತಾರೆ. ಇದು ಮೊಬೈಲ್ ಫೋನ್ ಕೊಂಡು ಕೊಂಡು ನಮಗೆ ರೂಢಿಯಾಗಿರುವ ಕ್ರಮ. ಆದರೆ ಟ್ಯಾಬ್ಲೆಟ್ ಮನೆಗೆ ಬರುವುದು ಫೋನಿನ ಕೆಲಸವನ್ನು ಇನ್ನೊಮ್ಮೆ ಮಾಡುವುದಕ್ಕಲ್ಲ. ಫೋನಿನ ಕಿರಿದಾದ ಪರದೆಯಲ್ಲಿ ಹಿಡಿಸದ ಪುಟವನ್ನು ನೆಮ್ಮದಿಯಾಗಿ ಓದುವುದಕ್ಕೆ, ಬರೆಯುವುದಕ್ಕೆ, ನೋಡುವುದಕ್ಕೆ. ಆದ್ದರಿಂದ ಅದನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಪರದೆಯನ್ನು, ಎರಡನೆಯದಾಗಿ ಆ ಸಾಧನಕ್ಕೆ ತಂತ್ರಾಂಶದ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ ಎಂಬುದನ್ನು. ಉಳಿದ ಗುಣಗಳೆಲ್ಲ ಈ ಎರಡರ ನಂತರ ಬರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡದಲ್ಲಿ ಓದುವವರಿಗೆ ಮತ್ತು ಬರೆಯುವವರಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅದಕ್ಕೆ ಕಾರಣವನ್ನು ಮುಂದೆ ವಿವರಿಸುತ್ತೇನೆ.

ಯಾರ ಕೈಗೆ, ಯಾವ ಕೆಲಸಕ್ಕೆ

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಈ ಟ್ಯಾಬ್ಲೆಟ್ಟನ್ನು ದಿನದ ಹೆಚ್ಚು ಹೊತ್ತು ಯಾರು ಹಿಡಿದಿರುತ್ತಾರೆ ಮತ್ತು ಅದರಲ್ಲಿ ಯಾವ ಪುಟ ತೆರೆದಿರುತ್ತದೆ ಎಂಬುದನ್ನು ಬರೆದುಕೊಳ್ಳಿ. ಹೈಸ್ಕೂಲು ವಿದ್ಯಾರ್ಥಿಯಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಪಿಡಿಎಫ್ ಪುಸ್ತಕ, ದೀಕ್ಷಾ ಆ್ಯಪ್‌ನ ಪಾಠ ಮತ್ತು ಯೂಟ್ಯೂಬಿನ ವಿವರಣೆ ಮುಖ್ಯವಾಗುತ್ತವೆ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಣೆ ಹಿಡಿದು ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವವರಿಗೆ ನೂರಾರು ಪುಟಗಳ ಎ4 ಅಳತೆಯ ಟಿಪ್ಪಣಿಗಳು ಮತ್ತು ಅವುಗಳ ಅಂಚಿನಲ್ಲಿ ಗುರುತು ಮಾಡುವ ಸೌಲಭ್ಯ ಮುಖ್ಯ. ನಿವೃತ್ತರಾದ ತಂದೆತಾಯಿಯರಿಗೆ ಪತ್ರಿಕೆಯ ಇ-ಆವೃತ್ತಿ, ದೂರದಲ್ಲಿರುವ ಮಕ್ಕಳೊಡನೆ ವಿಡಿಯೊ ಕರೆ, ಸಂಜೆ ಒಂದು ಯಕ್ಷಗಾನ ಪ್ರಸಂಗವೋ ಸಂಗೀತ ಕಛೇರಿಯೋ ಸಾಕು. ಈ ಮೂವರಿಗೂ ಒಂದೇ ಟ್ಯಾಬ್ಲೆಟ್ ಸರಿಹೊಂದುವುದಿಲ್ಲ; ಹಾಗೆ ಸರಿಹೊಂದುತ್ತದೆ ಎಂದು ಹೇಳುವ ಮಾರಾಟಗಾರರ ಮಾತನ್ನು ನಂಬಬೇಡಿ.

ಚೀಟಿಯಲ್ಲಿ ಬರೆದ ಕೆಲಸ ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ವಿಂಡೋಸ್‌ನ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡುವುದು, ಪುಸ್ತಕದ ಪುಟವಿನ್ಯಾಸ ಮಾಡುವುದು ಇಂಥದ್ದಾಗಿದ್ದರೆ ಇಲ್ಲಿಗೇ ನಿಲ್ಲಿಸಿ ಲ್ಯಾಪ್‌ಟಾಪ್ ಕೊಳ್ಳಿ. ಕೀಬೋರ್ಡ್ ಜೋಡಿಸಿದ ಮಾತ್ರಕ್ಕೆ ಆಂಡ್ರಾಯ್ಡ್ ಟ್ಯಾಬ್ಲೆಟ್ಟಾಗಲಿ ಐಪ್ಯಾಡ್ ಆಗಲಿ ವಿಂಡೋಸ್ ಕಂಪ್ಯೂಟರ್ ಆಗುವುದಿಲ್ಲ. ವಿಂಡೋಸನ್ನೇ ಓಡಿಸುವ ಸರ್ಫೇಸ್ ಪ್ರೊ ರೀತಿಯ ಟ್ಯಾಬ್ಲೆಟ್‌ಗಳಿವೆಯಾದರೂ ಅವು ಒಳ್ಳೆಯ ಲ್ಯಾಪ್‌ಟಾಪಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬೆಲೆ ಬಾಳುವುದರಿಂದ, ಎರಡು ರೂಪದಲ್ಲೂ ನಿತ್ಯ ಬಳಸುವವರಿಗೆ ಮಾತ್ರ ಅವು ತಕ್ಕವು.

ಪರದೆಯ ಅಳತೆ, ಪುಟದ ಅಳತೆ

ಪರದೆಯ ಇಂಚನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಓದುವವರಿಗೆ ಬೇಕಾದದ್ದು ಅಗಲ. ಈ ವ್ಯತ್ಯಾಸವನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ಆಯ್ಕೆ ಅರ್ಧ ಮುಗಿದಂತೆಯೇ. ಹೆಚ್ಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳ ಪರದೆಯ ಉದ್ದ ಮತ್ತು ಅಗಲದ ಅನುಪಾತ 16:10 ಅಥವಾ ಅದರ ಆಸುಪಾಸು. ಈ ಅನುಪಾತದಲ್ಲಿ 8 ಇಂಚಿನ ಪರದೆಯ ಅಗಲ ಸುಮಾರು 10.8 ಸೆಂ.ಮೀ., 10.1 ಇಂಚಿನದು 13.6 ಸೆಂ.ಮೀ., 11 ಇಂಚಿನದು 14.8 ಸೆಂ.ಮೀ. ಸಾಧಾರಣ ಐಪ್ಯಾಡಿನ, ಅಂದರೆ ಏರ್, ಪ್ರೊ ಬಗೆಗಳಲ್ಲದ ಮೂಲ ಮಾದರಿಯ ಪರದೆ ಹೆಚ್ಚುಕಡಿಮೆ 11 ಇಂಚಿನದೇ ಆದರೂ ಅದರ ಆಕಾರ ಚೌಕಕ್ಕೆ ಹತ್ತಿರವಾಗಿರುವುದರಿಂದ ಅಗಲ 15.8 ಸೆಂ.ಮೀ. ಇರುತ್ತದೆ.

ಈಗ ಇದನ್ನು ಪುಟಕ್ಕೆ ಹೋಲಿಸಿ. ಕನ್ನಡದ ಕಥೆ, ಕಾದಂಬರಿಗಳು ಸಾಮಾನ್ಯವಾಗಿ ಅಚ್ಚಾಗುವುದು ಡೆಮಿ 1/8 ಅಳತೆಯಲ್ಲಿ, ಅಂದರೆ ಸುಮಾರು 14 ಸೆಂ.ಮೀ. ಅಗಲ ಮತ್ತು 21.5 ಸೆಂ.ಮೀ. ಎತ್ತರ. 10.1 ಇಂಚಿನ ಪರದೆಯಲ್ಲಿ ಆ ಪುಟ ಅಚ್ಚಿನ ಪುಸ್ತಕದಷ್ಟೇ ದೊಡ್ಡದಾಗಿ ಕಾಣುತ್ತದೆ. ಹಿಗ್ಗಿಸುವ, ಪಕ್ಕಕ್ಕೆ ಸರಿಸುವ ಗೋಜಿಲ್ಲ. ಆದರೆ ಪರೀಕ್ಷೆಯ ಟಿಪ್ಪಣಿ, ಸರ್ಕಾರಿ ಸುತ್ತೋಲೆ, ವಿಶ್ವವಿದ್ಯಾಲಯದ ಪ್ರಬಂಧ ಇವೆಲ್ಲ 21 ಸೆಂ.ಮೀ. ಅಗಲದ ಎ4 ಹಾಳೆಯಲ್ಲಿರುತ್ತವೆ. 12 ಪಾಯಿಂಟ್ ಅಕ್ಷರದಲ್ಲಿ ಬೆರಳಚ್ಚು ಮಾಡಿದ ಅಂಥ ಹಾಳೆಯನ್ನು 8 ಇಂಚಿನ ಪರದೆಯಲ್ಲಿ ಇಡಿಯಾಗಿ ತೆರೆದರೆ ಅಕ್ಷರ 6 ಪಾಯಿಂಟಿಗೆ ಕುಗ್ಗುತ್ತದೆ. ಅದು ಔಷಧದ ಪೊಟ್ಟಣದೊಳಗಿನ ಚೀಟಿಯನ್ನು ಓದಿದಂತಾಗುತ್ತದೆ. ಅದೇ ಹಾಳೆಯ ಅಕ್ಷರ 11 ಇಂಚಿನ ಆಂಡ್ರಾಯ್ಡ್ ಪರದೆಯಲ್ಲಿ ಎಂಟೂವರೆ ಪಾಯಿಂಟಿನಷ್ಟು, ಸಾಧಾರಣ ಐಪ್ಯಾಡಿನಲ್ಲಿ 9 ಪಾಯಿಂಟಿನಷ್ಟು, 13 ಇಂಚಿನ ಐಪ್ಯಾಡಿನಲ್ಲಿ ಹತ್ತೂವರೆ ಪಾಯಿಂಟಿನಷ್ಟು ಕಾಣುತ್ತದೆ. ಎ4 ಹಾಳೆಗಳನ್ನೇ ದಿನವಿಡೀ ಓದುವವರು 11 ಇಂಚಿಗಿಂತ ಕಡಿಮೆಯದನ್ನು ಕೊಳ್ಳಬಾರದು ಎಂದು ನಾನು ಹೇಳುವುದು ಈ ಲೆಕ್ಕದ ಬಲದಿಂದಲೇ.

ದೊಡ್ಡದಾದಷ್ಟೂ ಒಳ್ಳೆಯದು ಎಂದೂ ಅಲ್ಲ. 8 ಇಂಚಿನ ಟ್ಯಾಬ್ಲೆಟ್ ಸುಮಾರು 350 ಗ್ರಾಂ ಇದ್ದರೆ 11 ಇಂಚಿನದು 500 ಗ್ರಾಂ ಆಸುಪಾಸು ಇರುತ್ತದೆ, 13 ಇಂಚಿನದು 600 ಗ್ರಾಂ ದಾಟುವುದೇ ಹೆಚ್ಚು, ಮೇಲೆ ಕವರಿನ ತೂಕ ಬೇರೆ. ಬಸ್ಸಿನಲ್ಲಿ ನಿಂತು, ಹಾಸಿಗೆಯಲ್ಲಿ ಮಲಗಿ ಒಂದೇ ಕೈಯಲ್ಲಿ ಹಿಡಿದು ಓದುವವರಿಗೆ ಚಿಕ್ಕದೇ ಹಿತ. ಸಿನಿಮಾ ನೋಡುವುದೇ ಮುಖ್ಯವಾದರೆ ಅಗಲಕಿರಿದಾದ 16:10 ಆಕಾರವೇ ಉತ್ತಮ, ಏಕೆಂದರೆ ಐಪ್ಯಾಡಿನ ಆಕಾರದಲ್ಲಿ ಚಿತ್ರದ ಮೇಲೆ ಮತ್ತು ಕೆಳಗೆ ದಪ್ಪನೆಯ ಕಪ್ಪು ಪಟ್ಟಿ ಉಳಿಯುತ್ತದೆ.

ಒತ್ತಕ್ಷರ ಓದಲು ಬರುತ್ತದೆಯೇ

ಅಳತೆಯ ನಂತರ ಸಾಂದ್ರತೆ, ಅಂದರೆ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂಬ ಪಿಪಿಐ ಲೆಕ್ಕ. ಇದು ಕನ್ನಡ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ರೋಮನ್ ಲಿಪಿಯ ಅಕ್ಷರಗಳು ಒಂದು ಸಾಲಿನ ಮೇಲೆ ಸರಳವಾಗಿ ಕುಳಿತಿರುತ್ತವೆ. ನಮ್ಮ ಲಿಪಿಯಲ್ಲಿ ಅಷ್ಟೇ ಎತ್ತರದೊಳಗೆ ಮೂಲಾಕ್ಷರ, ಮೇಲಿನ ಗುಣಿತ ಮತ್ತು ಕೆಳಗಿನ ಒತ್ತು ಮೂರೂ ಹಿಡಿಸಬೇಕು. ದ ಮತ್ತು ಧ ಅಕ್ಷರಗಳ ವ್ಯತ್ಯಾಸ ಒಂದು ಚಿಕ್ಕ ಸೀಳು. ಪ ಮತ್ತು ಫ ಅಕ್ಷರಗಳನ್ನು ಬೇರ್ಪಡಿಸುವುದೂ ಅಂಥದ್ದೇ ಒಂದು ಗೀರು. ಪರದೆಯಲ್ಲಿ ಪಿಕ್ಸೆಲ್ ಸಾಲದಾದಾಗ ಮೊದಲು ಮಾಸಿ ಹೋಗುವುದು ಇವೇ.

ಕಡಿಮೆ ಬೆಲೆಯ 10.1 ಇಂಚಿನ ಟ್ಯಾಬ್ಲೆಟ್‌ಗಳಲ್ಲಿ ಸಾಮಾನ್ಯವಾದ 1280×800 ಪರದೆಯ ಸಾಂದ್ರತೆ ಸುಮಾರು 149 ಪಿಪಿಐ. ಮೇಲೆ ಹೇಳಿದ ಎ4 ಹಾಳೆಯನ್ನು ಅದರಲ್ಲಿ ಇಡಿಯಾಗಿ ತೆರೆದರೆ ಒಂದು ಸಾಲಿನ ಅಕ್ಷರಕ್ಕೆ ಸಿಗುವ ಎತ್ತರ ಬರೀ 16 ಪಿಕ್ಸೆಲ್‌ಗಳಷ್ಟು. ಅಷ್ಟರಲ್ಲಿ ‘ರಾಷ್ಟ್ರೀಯ’ ಎಂಬ ಪದದ ಷ, ಅದರ ಕೆಳಗಿನ ಟ ಒತ್ತು, ಅದಕ್ಕೂ ಸೇರಿದ ರ ಒತ್ತು ಮತ್ತು ಮೇಲಿನ ಗುಣಿತ ಎಲ್ಲವೂ ತುರುಕಿಕೊಂಡು ಒಂದು ಕಪ್ಪು ಗುಪ್ಪೆಯಾಗುತ್ತದೆ. ಅದೇ 10.1 ಇಂಚಿನಲ್ಲಿ 1920×1200 ಪರದೆಯಿದ್ದರೆ ಸಾಂದ್ರತೆ 224 ಪಿಪಿಐಗೆ ಏರುತ್ತದೆ; ಸಾಧಾರಣ ಐಪ್ಯಾಡಿನಲ್ಲಿ ಅದು 264 ಪಿಪಿಐ, ಅಕ್ಷರಕ್ಕೆ ಸಿಗುವ ಎತ್ತರ ಸುಮಾರು 33 ಪಿಕ್ಸೆಲ್. ಓದುವುದಕ್ಕಾಗಿ ಕೊಳ್ಳುವ ಟ್ಯಾಬ್ಲೆಟ್ಟಿನಲ್ಲಿ 200 ಪಿಪಿಐಗಿಂತ ಕಡಿಮೆಯದನ್ನು ಒಪ್ಪಿಕೊಳ್ಳಬೇಡಿ. ಮಕ್ಕಳಿಗೆ ಎಂಬ ಕಾರಣಕ್ಕೆ ಅಗ್ಗದ ಪರದೆ ಸಾಕು ಎನ್ನುವವರಿದ್ದಾರೆ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಇನ್ನೂ ಕಲಿಯುತ್ತಿರುವ ಮಗುವಿಗೇ ಸ್ಪಷ್ಟವಾದ ಅಕ್ಷರ ಎಲ್ಲರಿಗಿಂತ ಹೆಚ್ಚು ಬೇಕು.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಸುಲಭವಾಗಿದೆ. ನಿಮಗೆ ಬೇಕಾದ ಪುಟವನ್ನು, ಅಂದರೆ ಒಂದು ಪಠ್ಯಪುಸ್ತಕದ ಪಿಡಿಎಫ್, ಒಂದು ಎ4 ಟಿಪ್ಪಣಿ ಮತ್ತು ಆರ್ಕೈವ್ ಜಾಲತಾಣದಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕವೊಂದರ ಸ್ಕ್ಯಾನ್ ಪ್ರತಿಯನ್ನು, ನಿಮ್ಮ ಇಮೇಲ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇಟ್ಟುಕೊಂಡು ಹೋಗಿ. ಪ್ರದರ್ಶನಕ್ಕಿಟ್ಟ ಟ್ಯಾಬ್ಲೆಟ್ಟಿನಲ್ಲಿ ಅವನ್ನು ತೆರೆದು, ಹಿಗ್ಗಿಸದೆ, ಮನೆಯಲ್ಲಿ ಹಿಡಿಯುವಷ್ಟೇ ದೂರದಲ್ಲಿ ಹಿಡಿದು ಒಂದು ಪುಟವನ್ನು ಪೂರ್ತಿಯಾಗಿ ಓದಿ. ಸ್ಕ್ಯಾನ್ ಪ್ರತಿಯಲ್ಲಿ ಹತ್ತಾರು ಪುಟಗಳನ್ನು ಬೇಗ ಬೇಗ ಮಗುಚಿ. ಪ್ರತಿ ಪುಟವೂ ಒಂದು ದೊಡ್ಡ ಚಿತ್ರವಾಗಿರುವುದರಿಂದ ದುರ್ಬಲವಾದ ಸಾಧನವು ಅಲ್ಲೇ ತಡವರಿಸಿ ಬಿಳಿ ಪುಟ ತೋರಿಸುತ್ತದೆ. ಅಂಗಡಿಯವರು ಹಾಕಿಟ್ಟಿರುವ ಬಣ್ಣಬಣ್ಣದ ವಿಡಿಯೊ ಎಲ್ಲ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ಪರದೆಯ ಬಗೆಯ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಐಪಿಎಸ್ ಎಲ್‌ಸಿಡಿ ಆದರೆ ಸಾಕು, ಓಎಲ್‌ಇಡಿ ಆದರೆ ಕಪ್ಪು ಇನ್ನೂ ಗಾಢವಾಗಿ ಕಾಣುತ್ತದೆ. ಹಗಲು ಹೊತ್ತು ಜಗುಲಿಯಲ್ಲೋ ಅಂಗಳದಲ್ಲೋ ಕುಳಿತು ಬಳಸುವವರು ಮಾತ್ರ ಪ್ರಕಾಶದ ಪ್ರಮಾಣವನ್ನು ನೋಡಬೇಕು: ಕೋಣೆಯೊಳಗೆ 400 ನಿಟ್ಸ್ ಸಾಕಾಗುತ್ತದೆ, ಹೊರಗಿನ ಬೆಳಕಿಗೆ 600 ನಿಟ್ಸ್ ಅಥವಾ ಹೆಚ್ಚಿನದು ಬೇಕು.

ಕನ್ನಡದ ಓದು ಮತ್ತು ಬರಹ

ಬರೀ ಓದುವುದಕ್ಕಾದರೆ ಅಮೆಜಾನಿನ ಇ-ಪುಸ್ತಕ ಓದುವ ಸಾಧನವಾದ ಕಿಂಡಲ್ ಸಾಲದೇ ಎಂದು ಕೆಲವರು ಕೇಳುವುದುಂಟು. ಇಂಗ್ಲಿಷ್ ಓದುಗರಿಗೆ ಅದು ಒಳ್ಳೆಯ ಸಲಹೆಯೇ. ಆದರೆ ಅಮೆಜಾನ್ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಪುಸ್ತಕಗಳನ್ನು ಕಿಂಡಲ್‌ಗೆ ತಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳು ಬೆಳೆದದ್ದು ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಂಥ ಆ್ಯಪ್‌ಗಳಲ್ಲಿ. ಅವನ್ನು ಸಲೀಸಾಗಿ ಓದಲು ನಮಗೆ ಟ್ಯಾಬ್ಲೆಟ್ಟೇ ಬೇಕಾಗುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವನ್ನೂ ಕನ್ನಡದ ಜ್ಞಾನಕೋಶವಾದ ಕಣಜ ಜಾಲತಾಣವನ್ನೂ ಬಳಸುವವರಿಗೂ ಇದೇ ಮಾತು ಸಲ್ಲುತ್ತದೆ. ಕಾಗದದಂತೆ ಕಾಣುವ, ಕಣ್ಣಿಗೆ ಹಿತವಾದ ಇ-ಇಂಕ್ ಪರದೆಯೇ ಬೇಕು ಎನ್ನುವವರು ಆಂಡ್ರಾಯ್ಡ್ ಆ್ಯಪ್‌ಗಳನ್ನು ಹಾಕಿಕೊಳ್ಳಲು ಬರುವ ಇ-ಇಂಕ್ ಟ್ಯಾಬ್ಲೆಟ್‌ಗಳನ್ನು ಹುಡುಕಬಹುದು, ಆದರೆ ಅವುಗಳ ಬೆಲೆ ಹೆಚ್ಚು, ವಿಡಿಯೊಗೆ ಅವು ಪ್ರಯೋಜನಕ್ಕೆ ಬರುವುದಿಲ್ಲ.

ಬರೆಯುವ ಸೌಲಭ್ಯ ಈಗ ಆಂಡ್ರಾಯ್ಡ್, ಐಪ್ಯಾಡ್ ಎರಡರಲ್ಲೂ ಇದೆ. ಆಂಡ್ರಾಯ್ಡ್‌ನ ಜಿಬೋರ್ಡ್ ಎಂಬ ಕೀಲಿಮಣೆ ಆ್ಯಪ್‌ನಲ್ಲಿ ಕನ್ನಡವನ್ನು ಬೆರಳಚ್ಚು ಮಾಡಬಹುದು, ಬೆರಳಿನಿಂದ ಬರೆಯಬಹುದು, ಬಾಯಲ್ಲಿ ಹೇಳಿಯೂ ಬರೆಸಬಹುದು. ಆಪಲ್ ತನ್ನ ಕನ್ನಡ ಕೀಲಿಮಣೆಯನ್ನು 2017ರಲ್ಲಿ ಐಓಎಸ್ 11 ಕಾರ್ಯಾಚರಣಾ ವ್ಯವಸ್ಥೆಯೊಂದಿಗೆ ಕೊಟ್ಟಿತು. ಬ್ಲೂಟೂತ್ ಕೀಬೋರ್ಡ್ ಜೋಡಿಸಿ ಕನ್ನಡದಲ್ಲಿ ದೀರ್ಘವಾಗಿ ಬರೆಯುವ ಯೋಚನೆಯಿದ್ದರೆ ಮಾತ್ರ, ನೀವು ಬಳಸುವ ಕೀಲಿವಿನ್ಯಾಸವು ಆ ಟ್ಯಾಬ್ಲೆಟ್ಟಿನಲ್ಲಿ ಹೊರಗಿನ ಕೀಬೋರ್ಡಿಗೂ ಕೆಲಸ ಮಾಡುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಒಂದು ಪ್ಯಾರಾ ಬರೆದು ನೋಡಬೇಕು. ಪರದೆಯ ಮೇಲಿನ ಕೀಲಿಮಣೆ ಕನ್ನಡ ಬರೆಯುತ್ತದೆ ಎಂದರೆ ಹೊರಗಿನದೂ ಬರೆಯುತ್ತದೆ ಎಂಬ ಖಾತರಿಯಿಲ್ಲ.

ಇನ್ನೊಂದು ವಿಷಯವನ್ನು ಶಿಕ್ಷಕರು, ಲೇಖಕರು ಮತ್ತು ಸರ್ಕಾರಿ ನೌಕರರು ತಪ್ಪದೆ ತಿಳಿದಿರಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ ಸಿದ್ಧಪಡಿಸಿದ ವರ್ಡ್ ಕಡತಗಳನ್ನು ಟ್ಯಾಬ್ಲೆಟ್ಟಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣಿಸುತ್ತದೆ. ಇದು ಟ್ಯಾಬ್ಲೆಟ್ಟಿನ ದೋಷವಲ್ಲ, ಎಷ್ಟು ಬೆಲೆಯದನ್ನು ಕೊಂಡರೂ ಹೀಗೆಯೇ ಆಗುತ್ತದೆ. ಆ ಕಡತಗಳಲ್ಲಿ ಕನ್ನಡ ಅಕ್ಷರಗಳ ಸಂಕೇತವೇ ಇಲ್ಲ, ಫಾಂಟ್ ಮಾತ್ರ ಅವನ್ನು ಕನ್ನಡದಂತೆ ತೋರಿಸುತ್ತಿತ್ತು. ಕಂಪ್ಯೂಟರಿನಲ್ಲೇ ಅವನ್ನು ಎಲ್ಲ ಸಾಧನಗಳೂ ಗುರುತಿಸುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿಕೊಂಡು ಅಥವಾ ಪಿಡಿಎಫ್ ಮಾಡಿಕೊಂಡು ಟ್ಯಾಬ್ಲೆಟ್ಟಿಗೆ ಹಾಕಿಕೊಳ್ಳಬೇಕು.

ಪೆನ್ನು ಬೇಕೆನ್ನುವವರಿಗೆ

ಕೈಬರಹದಲ್ಲಿ ಟಿಪ್ಪಣಿ ಮಾಡುವವರು, ಲೆಕ್ಕ ಬಿಡಿಸುವವರು, ಚಿತ್ರ ಬರೆಯುವವರು ಪೆನ್ನನ್ನೂ ಟ್ಯಾಬ್ಲೆಟ್ಟನ್ನೂ ಒಟ್ಟಿಗೆ ಆರಿಸಬೇಕು; ಮೊದಲು ಟ್ಯಾಬ್ಲೆಟ್ ಕೊಂಡು ಆಮೇಲೆ ಪೆನ್ನು ಹುಡುಕುವುದು ಸರಿಯಾದ ಕ್ರಮವಲ್ಲ. ಎಲ್ಲ ಪರದೆಯ ಮೇಲೂ ಬರೆಯುವ, ತುದಿಯಲ್ಲಿ ರಬ್ಬರ್ ಇರುವ ಅಗ್ಗದ ಪೆನ್ನುಗಳು ಬೆರಳಿನ ಬದಲಿಗೆ ಬಳಸುವಂಥವು ಅಷ್ಟೇ: ಗೆರೆ ದಪ್ಪ, ಅಂಗೈ ತಾಗಿದರೂ ಪರದೆಯಲ್ಲಿ ಗುರುತು ಬೀಳುತ್ತದೆ. ನಿಜವಾಗಿ ಬರೆಯಲು ಆ ಟ್ಯಾಬ್ಲೆಟ್ಟಿಗೆಂದೇ ಮಾಡಿದ ಸಕ್ರಿಯ ಪೆನ್ನು ಬೇಕು. ಸ್ಯಾಮ್‌ಸಂಗ್‌ನ ಎಸ್ ಪೆನ್ ಅನ್ನು ಹಲವು ಮಾದರಿಗಳ ಪೆಟ್ಟಿಗೆಯಲ್ಲೇ ಕೊಡುತ್ತಾರೆ, ಬರೆಯಲು ಅದಕ್ಕೆ ಚಾರ್ಜ್ ಬೇಕಾಗಿಲ್ಲ. ಆಪಲ್ ಪೆನ್ಸಿಲ್ಲನ್ನು ಪ್ರತ್ಯೇಕವಾಗಿ ಕೊಳ್ಳಬೇಕು, ಮೇಲಾಗಿ ಅದರಲ್ಲಿ ಹಲವು ಬಗೆಗಳಿದ್ದು ಎಲ್ಲವೂ ಎಲ್ಲ ಐಪ್ಯಾಡಿಗೂ ಹೊಂದುವುದಿಲ್ಲ. ಯುಎಸ್‌ಬಿ-ಸಿ ಬಗೆಯ ಕಡಿಮೆ ಬೆಲೆಯ ಪೆನ್ಸಿಲ್ ಒತ್ತಡವನ್ನು ಗುರುತಿಸುವುದಿಲ್ಲ, ಆದ್ದರಿಂದ ಟಿಪ್ಪಣಿಗೆ ಸಾಕಾದರೂ ಚಿತ್ರಕಾರರಿಗೆ ಸಾಲದು. ಸಾಧಾರಣ ಐಪ್ಯಾಡಿನಲ್ಲಿ ಗಾಜಿಗೂ ಅದರ ಕೆಳಗಿನ ಪರದೆಗೂ ನಡುವೆ ತೆಳುವಾದ ಅಂತರವಿದ್ದು, ಪೆನ್ನಿನ ಮೊನೆಗಿಂತ ಸ್ವಲ್ಪ ಕೆಳಗೆ ಗೆರೆ ಮೂಡಿದಂತೆ ಕಾಣುತ್ತದೆ. ಕೆಲವರಿಗೆ ಇದು ಗೊತ್ತೇ ಆಗುವುದಿಲ್ಲ, ಕೆಲವರಿಗೆ ಸಹಿಸಲಾಗುವುದಿಲ್ಲ. ಬರೆದು ನೋಡಿಯೇ ತೀರ್ಮಾನಿಸಬೇಕು.

ಎಷ್ಟು ವರ್ಷ ಬಾಳಬೇಕು

ಪರದೆಯ ನಂತರ ನಾನು ಹೆಚ್ಚು ಒತ್ತು ಕೊಡುವುದು ಅಪ್‌ಡೇಟ್‌ಗೆ. ಟ್ಯಾಬ್ಲೆಟ್ಟನ್ನು ಜನ ಫೋನಿನಂತೆ ಎರಡು ಮೂರು ವರ್ಷಕ್ಕೆ ಬದಲಿಸುವುದಿಲ್ಲ. ಐದಾರು ವರ್ಷ ಬಳಸುತ್ತಾರೆ, ಆಮೇಲೆ ಮನೆಯ ಇನ್ನೊಬ್ಬರಿಗೆ ದಾಟಿಸುತ್ತಾರೆ. ಅಷ್ಟು ಕಾಲ ಯಂತ್ರಾಂಶ ಗಟ್ಟಿಯಾಗಿಯೇ ಇರುತ್ತದೆ. ಕೈಕೊಡುವುದು ತಂತ್ರಾಂಶ. ಭದ್ರತಾ ಅಪ್‌ಡೇಟ್ ನಿಂತ ಸಾಧನದಲ್ಲಿ ಮೊದಲು ಬ್ಯಾಂಕಿನ ಆ್ಯಪ್‌ಗಳು, ಆಮೇಲೆ ಒಂದೊಂದಾಗಿ ಇತರ ಆ್ಯಪ್‌ಗಳು ಹಳೆಯ ಆವೃತ್ತಿಗೆ ಬೆಂಬಲವಿಲ್ಲವೆಂದು ಹೇಳಿ ನಿಲ್ಲುತ್ತವೆ. 2019ರಲ್ಲಿ ಬಂದ ಏಳನೆಯ ತಲೆಮಾರಿನ ಐಪ್ಯಾಡಿಗೆ 2024ರ ಐಪ್ಯಾಡ್ ಓಎಸ್ 18 ಸಿಕ್ಕಿತು. ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಟ್ಯಾಬ್ ಎಸ್10 ಸರಣಿಗೆ ಏಳು ವರ್ಷಗಳ ಭರವಸೆ ಕೊಟ್ಟಿದೆ. ಆದರೆ ಅದೇ ಕಂಪನಿಗಳ ಅಗ್ಗದ ಸರಣಿಗಳಿಗೂ ಅದೇ ಅವಧಿ ಸಿಗುತ್ತದೆಂದು ಭಾವಿಸಬೇಡಿ. ನೀವು ಕೊಳ್ಳುವ ನಿರ್ದಿಷ್ಟ ಮಾದರಿಯ ಹೆಸರಿನಲ್ಲಿ ಕಂಪನಿಯ ಜಾಲತಾಣ ಏನು ಹೇಳುತ್ತದೆ ಎಂಬುದನ್ನೇ ನೋಡಿ. ಅವಧಿಯನ್ನು ಮಾದರಿ ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆ, ನೀವು ಕೊಂಡ ದಿನದಿಂದಲ್ಲ. ಎರಡು ವರ್ಷ ಹಳೆಯ ಮಾದರಿ ಹಬ್ಬದ ರಿಯಾಯಿತಿಯಲ್ಲಿ ಅಗ್ಗವಾಗಿ ಸಿಕ್ಕಿದರೆ ಅದರ ಆಯುಷ್ಯದ ಎರಡು ವರ್ಷ ಆಗಲೇ ಕಳೆದಿದೆ ಎಂದೇ ಲೆಕ್ಕ ಹಾಕಬೇಕು.

ಬೆಲೆಯನ್ನು ಹೀಗೆ ವರ್ಷಗಳಿಂದ ಭಾಗಿಸಿ ನೋಡುವ ಅಭ್ಯಾಸ ಒಳ್ಳೆಯದು. 2025ರಲ್ಲಿ ಬಂದ ಸಾಧಾರಣ ಐಪ್ಯಾಡ್ ನಮ್ಮಲ್ಲಿ 34,900 ರೂಪಾಯಿಗೆ ಬಿಡುಗಡೆಯಾಯಿತು. ಅದನ್ನು ಆರು ವರ್ಷ ಬಳಸಿದರೆ ವರ್ಷಕ್ಕೆ ಆರು ಸಾವಿರದೊಳಗೇ ಬೀಳುತ್ತದೆ. ಹನ್ನೆರಡು ಸಾವಿರಕ್ಕೆ ಕೊಂಡು ಎರಡೇ ವರ್ಷಕ್ಕೆ ಮೂಲೆ ಸೇರುವ ಟ್ಯಾಬ್ಲೆಟ್ಟಿಗೂ ವರ್ಷಕ್ಕೆ ಬೀಳುವುದು ಅಷ್ಟೇ, ಆದರೆ ಆ ಎರಡು ವರ್ಷವೂ ಕಿರಿಕಿರಿಯಲ್ಲೇ ಕಳೆಯುತ್ತದೆ. ಕಡಿಮೆ ಬೆಲೆಯೊಂದೇ ಕಲಿಕೆಯ ಸಾಧನವನ್ನು ಮಾಡುವುದಿಲ್ಲ ಎಂಬುದನ್ನು ನಮ್ಮ ದೇಶ 2011ರಲ್ಲಿ ಬಂದ ಆಕಾಶ್ ಟ್ಯಾಬ್ಲೆಟ್ಟಿನಲ್ಲೇ ಕಂಡಿದೆ: ವಿದ್ಯಾರ್ಥಿಗಳಿಗೆಂದು ಒಳ್ಳೆಯ ಉದ್ದೇಶದಿಂದ ತಂದ ಅದರ ಮೊದಲ ಆವೃತ್ತಿಯಲ್ಲಿ ಒತ್ತಿದರೆ ಮಾತ್ರ ಸ್ಪಂದಿಸುವ 7 ಇಂಚಿನ ಪರದೆ ಮತ್ತು 256 ಎಂಬಿ ರ‍್ಯಾಮ್ ಇತ್ತು, ಪಾಠಕ್ಕೆ ಅದು ಸಾಲಲಿಲ್ಲ. ಕೈಯಲ್ಲಿರುವುದು ಹದಿನೈದು ಸಾವಿರದೊಳಗೆ ಎಂದಾದರೆ, ಹೆಸರೇ ಕೇಳದ ಕಂಪನಿಯ ಹೊಸ ಟ್ಯಾಬ್ಲೆಟ್ಟಿಗಿಂತ ಹೆಸರಾದ ಕಂಪನಿಯ ಚಿಕ್ಕ ಪರದೆಯದನ್ನು ಅಥವಾ ವಾರಂಟಿ ಸಹಿತ ನವೀಕರಿಸಿ ಮಾರುವ ಹಳೆಯದನ್ನು ಆರಿಸುವುದು ಮೇಲು.

ರ‍್ಯಾಮ್, ಸಂಗ್ರಹ ಮತ್ತು ಬ್ಯಾಟರಿ

ಆಂಡ್ರಾಯ್ಡ್‌ನಲ್ಲಿ 4 ಜಿಬಿ ರ‍್ಯಾಮ್ ಕನಿಷ್ಠ, 6 ಅಥವಾ 8 ಜಿಬಿ ನೆಮ್ಮದಿ. ಜಾಹೀರಾತಿನಲ್ಲಿ 12 ಜಿಬಿ ಎಂದು ದೊಡ್ಡದಾಗಿ ಬರೆದು ಕೆಳಗೆ ಸಣ್ಣಕ್ಷರದಲ್ಲಿ 4 ಕೂಡಿಸು 8 ಎಂದಿದ್ದರೆ ನಿಜವಾದ ರ‍್ಯಾಮ್ 4 ಜಿಬಿ ಮಾತ್ರ. ಉಳಿದದ್ದು ಸಂಗ್ರಹದ ಭಾಗವನ್ನೇ ರ‍್ಯಾಮ್‌ನಂತೆ ಬಳಸುವ ಏರ್ಪಾಡು, ಅದು ಬಹಳ ನಿಧಾನ. ಸಂಗ್ರಹ 64 ಜಿಬಿ ಎಂದರೂ ಅದರಲ್ಲಿ ಗಣನೀಯ ಪಾಲನ್ನು ಕಾರ್ಯಾಚರಣಾ ವ್ಯವಸ್ಥೆಯೇ ತೆಗೆದುಕೊಳ್ಳುತ್ತದೆ, ಆದ್ದರಿಂದ 128 ಜಿಬಿ ತೆಗೆದುಕೊಳ್ಳುವುದೇ ಲೇಸು. ಹಲವು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಮೆಮೊರಿ ಕಾರ್ಡ್ ಹಾಕಬಹುದು, ಐಪ್ಯಾಡಿನಲ್ಲಿ ಆಗದು.

ಬ್ಯಾಟರಿಯ ಸಾಮರ್ಥ್ಯ ಹೇಳುವ ಎಂಎಎಚ್ ಸಂಖ್ಯೆಯ ಜೊತೆಗೆ ಚಾರ್ಜಿಂಗ್ ವ್ಯಾಟ್ ಎಷ್ಟು ಎಂಬುದನ್ನೂ ಕೇಳಿ. 8000 ಎಂಎಎಚ್ ಬ್ಯಾಟರಿಯನ್ನು 10 ವ್ಯಾಟಿನ ಚಾರ್ಜರಿನಲ್ಲಿ ತುಂಬಲು ಮೂರೂವರೆಯಿಂದ ನಾಲ್ಕು ತಾಸು ಬೇಕು. ದಿನಕ್ಕೆ ಕೆಲವೇ ತಾಸು ಕರೆಂಟು ಸಿಗುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿ ವೇಗವಾಗಿ ಚಾರ್ಜ್ ಆಗುವ ಟ್ಯಾಬ್ಲೆಟ್ಟೇ ಬೇಕು, ಜೊತೆಗೆ ತಕ್ಕ ಚಾರ್ಜರ್ ಪೆಟ್ಟಿಗೆಯಲ್ಲಿದೆಯೇ ಎಂಬುದನ್ನೂ ನೋಡಬೇಕು.

ಒಟಿಟಿಯಲ್ಲಿ ಸಿನಿಮಾ ನೋಡುವವರಿಗೆ ಒಂದು ಸೂಚನೆ. ಪರದೆ ಎಷ್ಟೇ ಒಳ್ಳೆಯದಿದ್ದರೂ ಆಂಡ್ರಾಯ್ಡ್ ಟ್ಯಾಬ್ಲೆಟ್ಟಿಗೆ ವಿಡಿಯೊ ನಕಲಾಗದಂತೆ ಕಾಯುವ ವೈಡ್‌ವೈನ್ ವ್ಯವಸ್ಥೆಯ ಮೇಲ್ಮಟ್ಟದ ಎಲ್1 ಪ್ರಮಾಣೀಕರಣ ಇಲ್ಲದಿದ್ದರೆ ಹಲವು ಒಟಿಟಿಗಳು ಕಡಿಮೆ ಗುಣಮಟ್ಟದ ಚಿತ್ರವನ್ನಷ್ಟೇ ಕಳಿಸುತ್ತವೆ. ಅಗ್ಗದ ಮಾದರಿಗಳಲ್ಲಿ ಕೆಳಮಟ್ಟದ ಎಲ್3 ಮಾತ್ರ ಇರುವುದುಂಟು. ಡಿಆರ್‌ಎಂ, ಅಂದರೆ ಈ ನಕಲು ತಡೆಯ ಮಾಹಿತಿ ತೋರಿಸುವ ಉಚಿತ ಆ್ಯಪ್ ಹಾಕಿ ಇದನ್ನು ಅರ್ಧ ನಿಮಿಷದಲ್ಲಿ ತಿಳಿಯಬಹುದು.

ಸಿಮ್ ಬೇಕೇ, ವೈಫೈ ಸಾಕೇ

ಸಿಮ್ ಹಾಕುವ ಮಾದರಿಗೆ ಕೆಲವು ಸಾವಿರ ರೂಪಾಯಿ ಹೆಚ್ಚು, ಐಪ್ಯಾಡಿನಲ್ಲಾದರೆ ವ್ಯತ್ಯಾಸ ಇನ್ನೂ ದೊಡ್ಡದು. ಮನೆಯಲ್ಲಿ ವೈಫೈ ಇದ್ದು ಹೊರಗೆ ಫೋನಿನ ಹಾಟ್‌ಸ್ಪಾಟ್ ಬಳಸುವವರಿಗೆ ಆ ಖರ್ಚು ಬೇಡ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಮಹಡಿಯ ಒಂದು ಕಿಟಕಿಯ ಬಳಿ ಮಾತ್ರ ಸಿಗ್ನಲ್ ಹಿಡಿಯುತ್ತದೆ. ಅಂಥಲ್ಲಿ ಫೋನನ್ನು ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಹಾಕಿ ಮಗು ಒಳಗೆ ಕುಳಿತು ವೈಫೈ ಟ್ಯಾಬ್ಲೆಟ್ಟಿನಲ್ಲಿ ಪಾಠ ಕೇಳಬಹುದು, ಸಿಮ್ ಇರುವ ಟ್ಯಾಬ್ಲೆಟ್ಟಾದರೆ ಮಗುವೇ ಕಿಟಕಿಗೆ ಹೋಗಬೇಕಾಗುತ್ತದೆ.

ವೈಫೈ ಮಾದರಿ ಕೊಳ್ಳುವ ಮುನ್ನ ಮೂರು ಮಿತಿಗಳು ತಿಳಿದಿರಲಿ. ಯುಪಿಐ ಆ್ಯಪ್‌ಗಳು ಸಾಧನದಲ್ಲಿರುವ ಸಿಮ್‌ನಿಂದಲೇ ಸಂದೇಶ ಕಳಿಸಿ ನೋಂದಾಯಿಸಿಕೊಳ್ಳುವುದರಿಂದ ಸಿಮ್ ಇಲ್ಲದ ಟ್ಯಾಬ್ಲೆಟ್ಟಿನಲ್ಲಿ ಸಾಮಾನ್ಯವಾಗಿ ಯುಪಿಐ ನಡೆಯುವುದಿಲ್ಲ. ವೈಫೈ ಐಪ್ಯಾಡಿನಲ್ಲಿ ಜಿಪಿಎಸ್ ಇರುವುದಿಲ್ಲ, ಆದ್ದರಿಂದ ಕಾರಿನಲ್ಲಿ ದಾರಿ ತೋರಿಸಲು ಅದನ್ನು ನೆಚ್ಚಿಕೊಳ್ಳಬಾರದು. ಇನ್ನು ಸಿಮ್ ಇದ್ದ ಮಾತ್ರಕ್ಕೆ ಕರೆ ಮಾಡಬಹುದು ಎಂದೂ ಇಲ್ಲ: ಕೆಲವು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಸಾಮಾನ್ಯ ಕರೆ ಸಾಧ್ಯ, ಐಪ್ಯಾಡಿನ ಸಿಮ್ ಇಂಟರ್ನೆಟ್‌ಗೆ ಮಾತ್ರ. ವಾಟ್ಸ್‌ಆ್ಯಪ್ ವಿಷಯದಲ್ಲಿ ಚಿಂತೆಯಿಲ್ಲ. ಫೋನಿನ ಖಾತೆಯನ್ನೇ ಟ್ಯಾಬ್ಲೆಟ್ಟಿಗೂ ಜೋಡಿಸಬಹುದು, 2025ರಿಂದ ಐಪ್ಯಾಡಿಗೂ ಅದರ ಆ್ಯಪ್ ಬಂದಿದೆ.

ಹಿರಿಯರಿಗಾಗಿ ಕೊಳ್ಳುವಾಗ ಮುಂದಿನ ಕ್ಯಾಮೆರಾ ಪರದೆಯ ಉದ್ದನೆಯ ಬದಿಯಲ್ಲಿರುವ ಮಾದರಿಯನ್ನು ಆರಿಸಿ. ಟ್ಯಾಬ್ಲೆಟ್ಟನ್ನು ಅಡ್ಡಲಾಗಿ ಮೇಜಿನ ಮೇಲಿಟ್ಟು ಮಾತನಾಡುವಾಗ ಕ್ಯಾಮೆರಾ ಪಕ್ಕದ ಅಂಚಿನಲ್ಲಿದ್ದರೆ ಅವರು ಯಾವಾಗಲೂ ಬೇರೆ ಕಡೆ ನೋಡುತ್ತಿರುವಂತೆ ಆಚೆಯವರಿಗೆ ಕಾಣುತ್ತದೆ. ಧ್ವನಿ ಎರಡೂ ಬದಿಯಿಂದ, ಸಾಕಷ್ಟು ಜೋರಾಗಿ ಬರಬೇಕು. ಮಕ್ಕಳಿಗಾದರೆ ಬಳಕೆಗೆ ಮಿತಿ ಹಾಕುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಅಥವಾ ಆಪಲ್‌ನ ಸ್ಕ್ರೀನ್ ಟೈಮ್ ಅನ್ನು ಟ್ಯಾಬ್ಲೆಟ್ ಕೈಗೆ ಕೊಡುವ ಮೊದಲೇ ಹೊಂದಿಸಿ. ಕೊಟ್ಟ ಮೇಲೆ ಮಿತಿ ಹಾಕುವುದು ಮಕ್ಕಳಿಗೂ ದೊಡ್ಡವರಿಗೂ ಕಷ್ಟ.

ಹಣ ಕೊಡುವ ಮುನ್ನ ಮತ್ತು ಕೊಟ್ಟ ಮೇಲೆ

ಭಾರತದಲ್ಲಿ ಮಾರುವ ಟ್ಯಾಬ್ಲೆಟ್‌ಗಳಿಗೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲೋ ಸಾಧನದ ಹಿಂಬದಿಯಲ್ಲೋ ಅಥವಾ ಸೆಟಿಂಗ್ಸ್‌ನ ಪ್ರಮಾಣೀಕರಣ ವಿಭಾಗದಲ್ಲೋ ಕಾಣುವ ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಅಪರಿಚಿತ ಕಂಪನಿಯ ಸರಕಿಗೆ ಇದು ಮೊದಲ ಪರೀಕ್ಷೆ. ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲಾ ಕೇಂದ್ರದಲ್ಲಿದೆಯೇ, ಪರದೆ ಒಡೆದರೆ ಬದಲಿಸಲು ಎಷ್ಟಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿ. ದೊಡ್ಡ ಗಾಜಿನ ಸಾಧನವಾದ್ದರಿಂದ ಕವರ್ ಮತ್ತು ಗಾಜಿನ ಹೊದಿಕೆಯ ಖರ್ಚನ್ನು ಬೆಲೆಯ ಲೆಕ್ಕದಲ್ಲೇ ಸೇರಿಸಿಕೊಳ್ಳಿ.

ಬಳಸಿದ ಟ್ಯಾಬ್ಲೆಟ್ ಕೊಳ್ಳುವವರು ಮಾರುವವರ ಎದುರಿನಲ್ಲೇ ಅದನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ, ಅಂದರೆ ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿಸಿ, ಹೊಸದಾಗಿ ಶುರುವಾಗುವಾಗ ಹಳೆಯ ಒಡೆಯರ ಗೂಗಲ್ ಅಥವಾ ಆಪಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆಯೇ ಎಂದು ನೋಡಬೇಕು. ಕೇಳಿದರೆ, ಅವರು ಆ ಖಾತೆಯನ್ನು ತೆಗೆದುಹಾಕುವವರೆಗೆ ಹಣ ಕೊಡಬೇಡಿ. ಸಿಮ್ ಇರುವ ಮಾದರಿಯಾದರೆ ಸೆಟಿಂಗ್ಸ್‌ನಲ್ಲಿ ಕಾಣುವ, ಆ ಸಾಧನದ ಗುರುತಾದ ಐಎಂಇಐ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿ, ಅದು ಕಳುವಾದದ್ದೆಂದು ತಡೆಹಿಡಿಯಲ್ಪಟ್ಟಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಆಂಡ್ರಾಯ್ಡ್ ಆದರೆ ಸೆಟಿಂಗ್ಸ್‌ನಲ್ಲೇ ಕೊನೆಯ ಭದ್ರತಾ ಅಪ್‌ಡೇಟ್ ಯಾವ ತಿಂಗಳಿನದು ಎಂಬುದೂ ಇರುತ್ತದೆ. ಅದು ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಆ ಸಾಧನವನ್ನು ಕಂಪನಿ ಕೈಬಿಟ್ಟಿರುವ ಸಂಭವವೇ ಹೆಚ್ಚು.

ಹೊಸದನ್ನು ಆನ್‌ಲೈನಿನಲ್ಲಿ ಕೊಂಡರೆ ಬದಲಾಯಿಸಿ ಕೊಡುವ ಅವಧಿ ಕೆಲವೇ ದಿನ ಇರುತ್ತದೆ, ಅದೂ ದೋಷವಿದ್ದರೆ ಮಾತ್ರ. ಆದ್ದರಿಂದ ಪೆಟ್ಟಿಗೆ ತೆರೆಯುವುದನ್ನು ವಿಡಿಯೊ ಮಾಡಿಟ್ಟುಕೊಂಡು, ಅದೇ ದಿನ ಪೂರ್ತಿ ಬಿಳಿ ಮತ್ತು ಪೂರ್ತಿ ಕಪ್ಪು ಚಿತ್ರ ತೆರೆದು ಸತ್ತ ಪಿಕ್ಸೆಲ್ ಇದೆಯೇ ನೋಡಿ, ಚಿತ್ರ ಬರೆಯುವ ಆ್ಯಪ್‌ನಲ್ಲಿ ನಾಲ್ಕೂ ಮೂಲೆಗೆ ಬೆರಳಿನಿಂದ ಗೆರೆ ಎಳೆದು ಎಲ್ಲಿಯೂ ತುಂಡಾಗದಿರುವುದನ್ನು ಗಮನಿಸಿ, ಮನೆಯ ಎಲ್ಲ ಕೋಣೆಯಲ್ಲೂ ವೈಫೈ ಹಿಡಿಯುತ್ತದೆಯೇ ಪರೀಕ್ಷಿಸಿ. ಆಮೇಲೆ ಚೀಟಿಯಲ್ಲಿ ಬರೆದುಕೊಂಡ ಆ ಕೆಲಸವನ್ನೇ, ಯಾರಿಗಾಗಿ ಕೊಂಡಿರೋ ಅವರ ಕೈಯಲ್ಲೇ, ಒಂದು ಸಂಜೆ ಪೂರ್ತಿ ಮಾಡಿಸಿ ನೋಡಿ. ದೋಷ ಕಂಡರೆ ಅವಧಿ ಮುಗಿಯುವ ಮೊದಲೇ ಬರಹದಲ್ಲಿ ದೂರು ಕೊಡಿ. ಜಿಎಸ್‌ಟಿ ಬಿಲ್ಲಿನ ಪ್ರತಿಯನ್ನು ವಾರಂಟಿ ಮುಗಿಯುವವರೆಗೆ ಜೋಪಾನವಾಗಿಡಿ.